ಪರಹಸ್ತಗತ ಲಘುವಾಹನ ವಿಶ್ವಾಸ ಮೀಮಾಂಸೆ

ವಿಜಯಪುರ ನಗರ, ಟಿಕೋಟಾ, ಬಬಲೇಶ್ವರ ಎಂಬೀ ಕ್ಷೇತ್ರತ್ರಯದಲ್ಲಿ ಕೈಯಿಂದ ಕೈಗೆ ಸಂಚರಿಸುತ್ತಿರುವ ಹಳೆಯ ಸಣ್ಣ ಕಾರುಗಳ ವಿಶ್ವಾಸಾರ್ಹತೆಯನ್ನು ಕುರಿತು ಅವುಗಳ ಒಡೆಯರು ಆಡಿರುವ ಮಾತುಗಳು ಶ್ರುತಿವಾಕ್ಯಗಳಂತೆ ಅಪೌರುಷೇಯವಾದುವು. ಏಕೆಂದರೆ ಗಾಡಿಯು ಕೆಟ್ಟು ನಿಂತ ತರುವಾಯ ಆ ವಾಕ್ಯವನ್ನು ಉಚ್ಚರಿಸಿದ ಪುರುಷನು ಯಾವ ಓಣಿಯಲ್ಲಿಯೂ ದೊರೆಯಲಾರನು. ಶಾಸ್ತ್ರಾರಂಭದಲ್ಲಿ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕುದು ಶಿಷ್ಟಾಚಾರ. ಇಲ್ಲಿ ಅಧಿಕಾರಿಯು ಹೊಸ ಕಾರಿಗೆ ಸಾಲದಷ್ಟು, ಬೈಕಿಗೆ ಮಿಗುವಷ್ಟು ಹಣವುಳ್ಳ ಗೃಹಸ್ಥ; ವಿಷಯವು ಗಾಡಿ; ಸಂಬಂಧವು ದಲ್ಲಾಳಿ; ಪ್ರಯೋಜನವಾದರೋ, ಎರಡು ಕಡೆಯಿಂದಲೂ ಕಮಿಷನ್ ಪಡೆಯುವ ಆ ಸಂಬಂಧಕ್ಕೇ ಸೇರಿದುದು.

ಪರಹಸ್ತದ ವಸ್ತುವಿನ ವ್ಯವಹಾರ ಈ ನಗರಕ್ಕೆ ಹೊಸದಲ್ಲ. ಷೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ಫಿರಂಗಿಯು 1549ರಲ್ಲಿ ಅಹಮದ್‌ನಗರದ ನಿಜಾಮಶಾಹಿಗಾಗಿ ಎರಕಗೊಂಡು ಆಮೇಲೆ ಆದಿಲಶಾಹಿಗಳ ಕೈಸೇರಿದ, ಅಪ್ಪಟ ಸೆಕೆಂಡ್ ಹ್ಯಾಂಡ್ ಸರಕು. 1686ರಲ್ಲಿ ನಗರವನ್ನು ಗೆದ್ದ ಔರಂಗಜೇಬನು ಅದರ ಮೈಮೇಲೆ ತನ್ನ ವಿಜಯಶಾಸನವನ್ನು ಕೆತ್ತಿಸಿದನು; ಅರ್ಥಾತ್ ಆರ್.ಸಿ.ಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡನು. 1854ರಲ್ಲಿ ಆಂಗ್ಲ ಸರಕಾರವು ಅದನ್ನು ಲಿಲಾವಿಗೆ ಇಟ್ಟಾಗ ಬಂದ ಅತ್ಯುಚ್ಚ ಸವಾಲು 150 ರೂಪಾಯಿ; ಮಾರಾಟ ರದ್ದಾಯಿತು. ಸುಮಾರು 55 ಟನ್ ತೂಗುವ ಲೋಹದ ಸುತ್ತ ಒಂದು ಪ್ರದಕ್ಷಿಣೆ ಬಂದು ಅಷ್ಟು ಬೆಲೆ ಕಟ್ಟಿದ ಆ ಅಜ್ಞಾತ ಗಿರಾಕಿಯೇ ನಮ್ಮ ಗ್ಯಾರೇಜು ಸಂಪ್ರದಾಯದ ಆದ್ಯಾಚಾರ್ಯನೆಂದು ನಮ್ಮ ಮತ.

ಆಧುನಿಕ ಕಾಂಡವು 1983ರ ಡಿಸೆಂಬರಿನಲ್ಲಿ ಮಾರುತಿ 800ರ ಅವತಾರದೊಂದಿಗೆ ತೊಡಗುತ್ತದೆ. ಮೂರು ಸಿಲಿಂಡರುಗಳ, 796 ಸಿ.ಸಿ.ಯ ಆ ಗಾಡಿಯು 2014ರ ಜನವರಿಯಲ್ಲಿ ಕಾರ್ಖಾನೆಯಿಂದ ನಿವೃತ್ತವಾದರೂ ನಮ್ಮ ಓಣಿಗಳಿಂದ ನಿವೃತ್ತವಾಗಿಲ್ಲ. ಅದಕ್ಕೂ ಅದರ ತರುವಾಯ ಹುಟ್ಟಿದ ಸಕಲ ಅನುಜರಿಗೂ ಅನ್ವಯಿಸುವ ಸೂತ್ರ ಒಂದೇ: ‘ಏನೂ ಕೆಲಸ ಇಲ್ರಿ, ಪೆಟ್ರೋಲ್ ಹಾಕ್ರಿ, ಹೊಡೀರಿ.’ ಇದಕ್ಕೆ ‘ಡಾಕ್ಟರ್ ಗಾಡಿ ಐತ್ರಿ’ ಎಂಬುದು ವಾರ್ತಿಕ. ಈ ಜಿಲ್ಲೆಯ ವೈದ್ಯರು ರೋಗಿಗಳನ್ನು ನೋಡುವುದಕ್ಕೆ ಪುರಸೊತ್ತಿಲ್ಲದಷ್ಟು ಕಾರುಗಳನ್ನು ಕೊಂಡು ಮಾರಿದ್ದಾರೆಂದು ಇದರಿಂದ ಸಿದ್ಧವಾಗುತ್ತದೆ.

ಪ್ರಮಾಣಗಳು ನಾಲ್ಕು. ಮೊದಲನೆಯದು ಪ್ರತ್ಯಕ್ಷ. ಗಿರಾಕಿ ಬರುವ ಮೊದಲೇ ಎಂಜಿನ್ನನ್ನು ಕಾಯಿಸಿ ಇಟ್ಟಿರುವುದರಿಂದ, ಮುಂಜಾನೆಯ ತಣ್ಣಗಿನ ಯಂತ್ರವು ಎಷ್ಟು ಸಲ ಕೆಮ್ಮಿ ಏಳುವುದೆಂಬ ಜ್ಞಾನಕ್ಕೆ ಇಂದ್ರಿಯಾರ್ಥ ಸನ್ನಿಕರ್ಷವು ಒದಗದು. ಎರಡನೆಯದು ಅನುಮಾನ. ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯನ್ನು ಸಾಧಿಸಿದ ನೈಯಾಯಿಕರು ಸೈಲೆನ್ಸರಿನ ನೀಲಿ ಹೊಗೆಯನ್ನು ಕಂಡು ಸವೆದ ಪಿಸ್ಟನ್ ರಿಂಗನ್ನು ಸಾಧಿಸಬಲ್ಲರು, ನಿಜ. ಆದರೆ ಮಾರಾಟದ ಹಿಂದಿನ ರಾತ್ರಿ ದಪ್ಪ ಆಯಿಲ್ ಸುರಿದು ಹೊಗೆಯನ್ನೇ ಅಡಗಿಸಿದಲ್ಲಿ ಹೇತುವಿಲ್ಲದೆ ಸಾಧ್ಯವು ಸಿದ್ಧಿಸುವುದೆಂತು? ಮೂರನೆಯದು ಆಪ್ತವಾಕ್ಯ. ನಮಗೆ ಆಪ್ತನು ನಾವೇ ಕರೆದೊಯ್ದ ಮೇಸ್ತ್ರಿ. ಮೇಸ್ತ್ರಿಗೆ ಆಪ್ತನು ದಲ್ಲಾಳಿ. ನಾಲ್ಕನೆಯದನ್ನು ಬಿಡುತ್ತೇನೆ. ‘ಇದನ್ನು ಹಲವು ನೆಲೆಗಳಲ್ಲಿ ಪರಿಭಾವಿಸಬೇಕಾಗುತ್ತದೆ’ ಎಂದು ವಿಚಾರಸಂಕಿರಣದ ವಿದ್ವಾಂಸರು ನಾಲ್ಕನೆಯ ನೆಲೆಗೆ ಏರುವಷ್ಟರಲ್ಲಿ ಸಭಿಕರೆಲ್ಲ ಚಹಕ್ಕೆ ಎದ್ದಿರುವುದನ್ನು ಬೇಕಾದಷ್ಟು ಕಂಡಿದ್ದೇನೆ.

ಈ ಸೀಮೆಯಲ್ಲಿ ಸಣ್ಣ ಕಾರನ್ನು ಕೊಲ್ಲುವುದು ಯಾವುದೆಂದು ಹೇಳಲು ಪ್ರಮಾಣಶಾಸ್ತ್ರವೇ ಬೇಕಿಲ್ಲ: ನೀರು. ಕೂಲಂಟಿನ ದುಡ್ಡನ್ನು ಉಳಿಸಲೆಂದು ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ಸುಣ್ಣ ಕಟ್ಟಿ ನಾಳಗಳು ಮುಚ್ಚುತ್ತವೆ. ವೈಶಾಖದಲ್ಲಿ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಎಂಜಿನ್ ಕಾದು, ಅಲ್ಯುಮಿನಿಯಮ್ಮಿನ ಹೆಡ್ ಬಾಗಿ, ಗ್ಯಾಸ್ಕೆಟ್ ಹಾರಿ, ನೀರೂ ಆಯಿಲೂ ಕೂಡಿ ಮಜ್ಜಿಗೆಯಂತಾಗುತ್ತವೆ. ಉಳಿದುದನ್ನು, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆಭೂಮಿಯ ಮೇಲೆ ಅಲೆಯಲೆಯಾಗಿ ಎದ್ದ ರಸ್ತೆಯು ಬುಷ್ಷು, ಬಾಲ್‌ಜಾಯಿಂಟುಗಳ ಮಟ್ಟಿಗೆ ನೋಡಿಕೊಳ್ಳುತ್ತದೆ. ಇದಿಷ್ಟೂ ಮಾರುವವನಿಗೆ ಗೊತ್ತು. ಗೊತ್ತಿದ್ದೇ ಅವನು ಎಂಜಿನ್ನನ್ನು ತೊಳೆಯಿಸಿ, ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಚ್ಚಿ, ಕನ್ನಡಿಗೆ ನಿಂಬೆಹಣ್ಣು ಕಟ್ಟಿ ನಿಲ್ಲಿಸುತ್ತಾನೆ.

ಟಿಕೋಟಾದ ದ್ರಾಕ್ಷಿ ಬೆಳೆಗಾರನು ಮಣೂಕಕ್ಕೆ ಒಳ್ಳೆಯ ದರ ಬಂದ ವರ್ಷ ಹಳೆಯ ಕಾರೊಂದನ್ನು ಕೊಳ್ಳುವುದು ಮೆರೆಯುವುದಕ್ಕಲ್ಲ. ನಡುರಾತ್ರಿ ಮನೆಯಲ್ಲಿ ಹೆರಿಗೆಬೇನೆ ಎದ್ದರೆ ವಿಜಯಪುರದ ದೊಡ್ಡ ಆಸ್ಪತ್ರೆಗಳು ಸುಮಾರು 20 ಕಿಲೋಮೀಟರಿನಾಚೆ ಇವೆಯೆಂಬುದಕ್ಕೆ. ಹೆಡ್ ಹೋದ ಗಾಡಿಯನ್ನು ಅಂಥವನಿಗೆ ಸಾಗಹಾಕಿದವನು ‘ವ್ಯವಹಾರ ಅಂದ್ರ ಹಿಂಗ’ ಎಂದು ಎಲೆಯಡಿಕೆ ಜಗಿಯುತ್ತಾನೆ. ವ್ಯವಹಾರವಲ್ಲ, ಕಳವು ಅದು! ಕಾಗದಪತ್ರದ ಮಾತಂತೂ ಬೇಡ. ಸಹಿಮಾತ್ರ ಬಿದ್ದ 29, 30ನೆಯ ಖಾಲಿ ಫಾರ್ಮುಗಳು ಗಾಡಿಯೊಡನೆ ಮೂರು ಮನೆ ತಿರುಗುತ್ತವೆ. ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ ವರದಿಮಾಡತಕ್ಕುದೆಂದು 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮು ಹೇಳುತ್ತದೆ. ದಾಖಲೆಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು 2018ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಔರಂಗಜೇಬನಿಗಿದ್ದ ಎಚ್ಚರವು ಇವರಲ್ಲಿ ಯಾರಿಗೂ ಇಲ್ಲ.

ಇಷ್ಟಾಗಿಯೂ ನನ್ನನ್ನು ಬಾಧಿಸುವುದು ಮಾರಿದವನಲ್ಲ, ಕೊಂಡವನು. ಮೋಸಹೋದುದು ಊರಿಗೆ ತಿಳಿದೀತೆಂದು ನಾಚಿ, ಗ್ಯಾರೇಜಿನಿಂದ ಸಂಜೆ ಮನೆಗೆ ಬಂದವನು ಕಟ್ಟೆಯ ಮೇಲೆ ಕುಳಿತು ‘ಗಾಡಿ ನಂಬರ್ ಒನ್ ಐತಿ’ ಎಂದು ಸಾರುತ್ತಾನೆ. ಅದನ್ನು ನಂಬಿ ಅವನ ಸೋದರಳಿಯನು ಅಂಥದೇ ಮತ್ತೊಂದನ್ನು ಕೊಳ್ಳುತ್ತಾನೆ. ಮನೆಮಾತಿಗೇ ಬೆಲೆಯಿಲ್ಲದಂತಾದ ಮೇಲೆ ಕಾರ್ಬ್ಯುರೇಟರನ್ನು ದೂರಿ ಫಲವೇನು?

ಬಬಲೇಶ್ವರದ ನಿವೃತ್ತ ಮಾಸ್ತರರೊಬ್ಬರು ಮಾತ್ರ ನೋಡಬಂದ ಗಿರಾಕಿಗಳಿಗೆಲ್ಲ, ಹೆಡ್ ಒಮ್ಮೆ ಇಳಿದಿದೆ, ಎಡಗಡೆಯ ಬಾಗಿಲು ಬೇರೊಂದು ಗಾಡಿಯದು, ಮೀಟರಿನ ಕೇಬಲ್ಲು ಎರಡು ವರ್ಷ ಕಡಿದಿತ್ತು ಎಂದು ಸಾದ್ಯಂತವಾಗಿ ವಿವರಿಸಿ, ರಿಪೇರಿಯ ಚೀಟಿಗಳನ್ನು ಮುಂದಿಡುತ್ತಿದ್ದರು. ಗಿರಾಕಿಗಳು ಚಹಾ ಕುಡಿದು ಹೊರಗೆ ಬಂದು, ‘ಇಷ್ಟ್ ಹೇಳಾಂವ ಇನ್ನೆಷ್ಟ್ ಮುಚ್ಚಿಟ್ಟಾನೋ’ ಎಂದು ತಮ್ಮತಮ್ಮೊಳಗೆ ಆಡಿಕೊಂಡು ನಡೆದರು. ಕೊನೆಗೊಬ್ಬ ದಲ್ಲಾಳಿಯು ಅರ್ಧ ಬೆಲೆಗೆ ಅದನ್ನು ಒಯ್ದು, ಮೀಟರನ್ನು ಮತ್ತಷ್ಟು ಹಿಂದಕ್ಕೆ ತಿರುಗಿಸಿ, ‘ಮಾಸ್ತರ್ ಗಾಡಿ ಐತ್ರಿ, ಸುಳ್ಳು ಹೇಳೋ ಮಂದಿ ಅಲ್ಲ’ ಎಂಬ ಪ್ರಶಸ್ತಿಯೊಡನೆ ಎಂಟೇ ದಿನಗಳಲ್ಲಿ ವಿಜಯಪುರದಲ್ಲಿ ಮಾರಿದನು.