ನಾಯಿ ಬೊಗಳಿತು, ತೊಗರಿ ಲೆಕ್ಕ ಉಳಿಯಿತು

ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ದಿನಕ್ಕೆ ಎಷ್ಟು ನಾಯಿಗಳು ಹುಟ್ಟುತ್ತವೆ ಎಂದು ಯಾರೂ ಲೆಕ್ಕ ಇಟ್ಟಿಲ್ಲ. ಬೆಳಗಿನ ಬ್ಯಾಚಿನಿಂದ ರಾತ್ರಿಯ ಬ್ಯಾಚಿನವರೆಗೆ, ಮೈತ್ರಿವನಂ ಸುತ್ತಮುತ್ತಲಿನ ಕಂಪ್ಯೂಟರ್ ತರಬೇತಿ ಕೇಂದ್ರಗಳ ಮಹಡಿ ಮಹಡಿಯಲ್ಲೂ ‘ಅನಿಮಲ್’ ಎಂಬ ಕ್ಲಾಸಿನ ಹೊಟ್ಟೆಯಿಂದ ‘ಡಾಗ್’ ಇಳಿಯುತ್ತದೆ. ಇಳಿದ ಕೂಡಲೇ ಬೊಗಳುತ್ತದೆ. ಬೆನ್ನಿಗೇ ‘ಕ್ಯಾಟ್’ ಬಂದು ಮಿಯಾಂವ್ ಅನ್ನುತ್ತದೆ. ಅಲ್ಲಿಗೆ ಇನ್‌ಹೆರಿಟೆನ್ಸ್ ಮುಗಿಯಿತು, ಪಾಲಿಮಾರ್ಫಿಸಂ ಮುಗಿಯಿತು, ನಾಳೆಯಿಂದ ರೆಸ್ಯೂಮೆ ತಯಾರಿ.

ಈ ಹೆರಿಗೆಗೆ ಸಾಕ್ಷಿಯಾಗಿ ಕೂತವರಲ್ಲಿ ನಮ್ಮ ಗಡಿಯ ಹುಡುಗರೂ ಇದ್ದಾರೆ. ಜಹೀರಾಬಾದಿನವರು, ನಾರಾಯಣಖೇಡದವರು, ತಾಂಡೂರಿನವರು, ಕೊಡಂಗಲ್ ಸೀಮೆಯ ದೌಲತಾಬಾದಿನವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ, ಇಂಟರ್‌ವ್ಯೂನಲ್ಲಿ ಇಂಗ್ಲಿಷು. ಜೆರಾಕ್ಸ್ ಅಂಗಡಿಯ ನೋಟ್ಸಿನ ಮೊದಲ ಪುಟದಲ್ಲೇ ‘ಊಪ್ಸ್ ಕಾನ್ಸೆಪ್ಟ್ಸ್’, ಅಂದರೆ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್. ಅದಕ್ಕೆ ಕಂಬ ನಾಲ್ಕು: ಎನ್‌ಕ್ಯಾಪ್ಸುಲೇಶನ್, ಅಬ್‌ಸ್ಟ್ರಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ. ಚಾರ್ಮಿನಾರಿನ ಊರಲ್ಲಿ ನಾಲ್ಕು ಕಂಬ ಎಂದರೆ ಯಾರಿಗೆ ಅನುಮಾನ ಬಂದೀತು? ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಕಂಬಗಳು ಯಾವ ಚಾವಣಿ ಹೊತ್ತಿವೆ ಎಂದು ಕೇಳುವವನಿಗೆ ಮುಂದಿನ ಬ್ಯಾಚಿಗೆ ಬರಲು ಹೇಳುತ್ತಾರೆ.

ಹಬ್ಬಕ್ಕೆ ಊರಿಗೆ ಬಂದ ಇಂಥ ಒಬ್ಬನನ್ನು ಅಪ್ಪ ಕೇಳುತ್ತಾನೆನ್ನಿ:

“ಏನ್ ಕಲೀಲತ್ತೀಯೋ?”

“ಪೈಥಾನ್‌ನ್ಯಾಗ ಊಪ್ಸ್, ಅಪ್ಪಾ. ನಾಯಿ ಬೊಗಳಸ್ಲತ್ತೀನಿ.”

“ನಮ್ಮ ಹೊಲದಾಗಿನ ನಾಯಿಗಿ ಯಾರ್ ಫೀಸ್ ಕಟ್ಟ್ಯಾರೋ?”

ಇಷ್ಟಕ್ಕೇ ಬಿಡದೆ ಅಪ್ಪ ಒಂದು ಕೆಲಸ ಹಚ್ಚುತ್ತಾನೆ. ತಾಂಡೂರಿನ ಅಡತಿಗೆ ತೊಗರಿ ಹಾಕಿದ್ದಾಗಿದೆ. 2022ರಲ್ಲಿ ಜಿಐ ಟ್ಯಾಗ್ ಪಡೆದ ತೊಗರಿ ಅದು, ಸಾಮಾನ್ಯದ್ದಲ್ಲ. ಚೀಲ ಎಷ್ಟು, ತೂಕ ಎಷ್ಟು, ಹಮಾಲಿ ದಲಾಲಿ ಮುರಿದು ಕೈಗೆ ಬರೋದು ಎಷ್ಟು, ಕಂಪ್ಯೂಟರಿನಲ್ಲಿ ತೋರಿಸು ಅನ್ನುತ್ತಾನೆ. ಹತ್ತು ಸಾಲಿನ ಕೆಲಸ. ಹುಡುಗ ಮಾತ್ರ ‘ಮನುಷ್ಯ’ನಿಂದ ಶುರು ಮಾಡುತ್ತಾನೆ. ಮನುಷ್ಯನಿಂದ ‘ರೈತ’, ರೈತನಿಂದ ‘ತೊಗರಿ ರೈತ’, ನಡುವೆ ಚೀಲ ಹುಟ್ಟಿಸುವ ಒಂದು ಫ್ಯಾಕ್ಟರಿ, ಎಲ್ಲರ ಮೇಲೊಬ್ಬ ‘ಅಡತಿ ಮ್ಯಾನೇಜರ್’. ಆರು ಫೈಲು ತುಂಬಿದರೂ ಒಂದು ಚೀಲ ತೂಗಿರುವುದಿಲ್ಲ.

ಕೊನೆಗೂ ಪ್ರೋಗ್ರಾಂ ಓಡಿತೆನ್ನಿ. ಪಕ್ಕದ ಹೊಲದವನ ಹನ್ನೆರಡು ಚೀಲ ಅಪ್ಪನ ಖಾತೆಯಲ್ಲೂ ಕಾಣಿಸುತ್ತದೆ. “ಭೇಷ್! ಇದು ಅಡತಿಯವರಿಗಿ ತೋರಸಬ್ಯಾಡ, ಮನ್ಯಾಗೇ ಇರ್ಲಿ,” ಎಂದು ಅಪ್ಪ ಖುಷಿಪಟ್ಟರೂ, ಅಪ್ಪನ ಚೀಲಗಳು ಪಕ್ಕದವನ ಖಾತೆಯಲ್ಲೂ ಕೂತಿರುತ್ತವೆ. ಪೈಥಾನಿನಲ್ಲಿ ಕ್ಲಾಸಿನ ಮೈಮೇಲೆಯೇ ಒಂದು ಖಾಲಿ ಪಟ್ಟಿ ಬರೆದಿಟ್ಟರೆ ಆ ಕ್ಲಾಸಿನ ಎಲ್ಲ ಆಬ್ಜೆಕ್ಟುಗಳಿಗೂ ಅದೊಂದೇ ಪಟ್ಟಿ. ‘ಇನಿಟ್’ ಒಳಗೆ ‘ಸೆಲ್ಫ್’ ಹೆಸರು ಹಿಡಿದು ಬರೆದದ್ದು ಮಾತ್ರ ಅವರವರ ಸ್ವಂತದ್ದು. ಆಬ್ಜೆಕ್ಟ್ ಎಂದರೇನು ಎಂಬುದರ ತಿರುಳು ಇರುವುದೇ ಇಲ್ಲಿ: ಯಾವುದು ಯಾರದು, ಅದನ್ನು ಮುಟ್ಟುವ ಹಕ್ಕು ಯಾರಿಗೆ. ಅಮೀರ್‌ಪೇಟೆಯ ನಾಯಿ ಇದನ್ನು ಕಲಿಸಲಾರದು. ಬರೀ ಬೊಗಳುವ ನಾಯಿಗೆ ಆಸ್ತಿಯೇ ಇಲ್ಲವಲ್ಲ!

ಈ ವಿದ್ಯೆ ನಾಯಿ ಬೊಗಳಿಸಲು ಹುಟ್ಟಿದ್ದೂ ಅಲ್ಲ. 1960ರ ದಶಕದಲ್ಲಿ ಓಸ್ಲೊದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಡಾಲ್ ಮತ್ತು ನ್ಯೂಗಾರ್ಡ್ ಸಿಮುಲಾ ಭಾಷೆ ಕಟ್ಟಿದಾಗ ಅವರ ಮುಂದೆ ನಿಜವಾದ ತಲೆನೋವಿತ್ತು. ಸರದಿಯಲ್ಲಿ ನಿಲ್ಲುವ, ಕಾಯುವ, ಮುಂದೆ ಸಾಗುವ ನೂರಾರು ಸಂಗತಿಗಳ ನಡೆಯನ್ನು ಕಂಪ್ಯೂಟರಿನಲ್ಲಿ ಆಡಿಸಿ ನೋಡಬೇಕಿತ್ತು. ಪ್ರತಿಯೊಂದಕ್ಕೂ ತನ್ನದೇ ಸ್ಥಿತಿ, ತನ್ನದೇ ನಡೆ. ಅಲ್ಲಿ ಕ್ಲಾಸು ಬೇಕೇ ಬೇಕಿತ್ತು.

ಸ್ಕ್ರಿಪ್ಟಿಂಗ್ ಭಾಷೆಗಳು ಇದನ್ನು ಒಂದೊಂದು ರೀತಿಯಲ್ಲಿ ಮನೆತುಂಬಿಸಿಕೊಂಡವು. ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್‌ಗೆ 1994ರ ಐದನೇ ಆವೃತ್ತಿಯಲ್ಲಿ ‘ಬ್ಲೆಸ್’ ಎಂಬ ಅಪ್ಪಣೆ ಬಂತು. ಇದ್ದ ಡೇಟಾದ ತಲೆ ಮುಟ್ಟಿ ‘ಇಂದಿನಿಂದ ನೀನು ಇಂಥ ಪ್ಯಾಕೇಜಿನವನು’ ಎಂದರೆ ಅದು ಆಬ್ಜೆಕ್ಟ್. ಮಠಗಳ ಸೀಮೆಯ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ‘ಕ್ಲಾಸ್’ ಎಂದು ಬರೆಯಲು ಸಿಕ್ಕಿದ್ದು 2015ರಲ್ಲಿ, ಅದೂ ಹಳೆಯ ಪ್ರೊಟೊಟೈಪ್ ಮೇಲೆ ಹೊದಿಸಿದ ಶಾಲು. ಪೈಥಾನಿನಲ್ಲಿ ಮಾತ್ರ 1991ರ ಮೊದಲ ಬಿಡುಗಡೆಯಿಂದಲೇ ಕ್ಲಾಸ್ ಇದೆ. ಈಗಂತೂ ಅಂಕಿ, ಅಕ್ಷರ, ಫಂಕ್ಷನ್ ಎಲ್ಲವೂ ಆಬ್ಜೆಕ್ಟೇ. ಹುಡುಗ ಮನುಷ್ಯನನ್ನು ಸೃಷ್ಟಿಸುವ ಮೊದಲೇ ಅವನ ಕೈಯಲ್ಲಿದ್ದ ಪಟ್ಟಿ ಒಂದು ಆಬ್ಜೆಕ್ಟ್ ಆಗಿತ್ತು, ಯಾರೂ ಹೇಳಿರಲಿಲ್ಲ ಅಷ್ಟೆ.

ಹೇಳುವವರು ಜಾವಾ ನೋಟ್ಸನ್ನೇ ಪೈಥಾನಿಗೆ ತಿದ್ದಿಕೊಂಡವರು. ಹೀಗಾಗಿ ಒಂದೊಂದು ಹೆಸರಿಗೂ ‘ಗೆಟ್’ ಒಂದು, ‘ಸೆಟ್’ ಒಂದು. ಮನೆಯ ಪ್ರತಿ ತಂಬಿಗೆಗೂ ಇಬ್ಬಿಬ್ಬರು ಕಾವಲುಗಾರರು. ಪೈಥಾನಿನಲ್ಲಿ ಬೀಗವೇ ಇಲ್ಲ. ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಇಟ್ಟರೆ ‘ದಯವಿಟ್ಟು ಮುಟ್ಟಬೇಡಿ’ ಎಂಬ ವಿನಂತಿ. ಎರಡು ಇಟ್ಟರೆ ಹೆಸರು ವೇಷ ಮರೆಸಿಕೊಳ್ಳುತ್ತದೆ, ಹುಡುಕಿದವನಿಗೆ ಸಿಕ್ಕೇ ಸಿಗುತ್ತದೆ. ಅಮೆರಿಕದ ಜ್ಯಾಕ್ ಡೀಡರಿಕ್ 2012ರ ಪೈಕಾನ್ ಸಮ್ಮೇಳನದಲ್ಲಿ ಒಂದು ಇಡೀ ಭಾಷಣವನ್ನೇ ಕ್ಲಾಸ್ ಬರೆಯುವುದನ್ನು ನಿಲ್ಲಿಸಿ ಎಂದು ಬೇಡಿಕೊಳ್ಳಲು ಮೀಸಲಿಟ್ಟರು. ಎರಡೇ ಮೆಥಡ್ ಇದ್ದು, ಅದರಲ್ಲೊಂದು ‘ಇನಿಟ್’ ಆಗಿದ್ದರೆ ನಿಮಗೆ ಬೇಕಿದ್ದದ್ದು ಒಂದು ಫಂಕ್ಷನ್ ಎಂಬುದು ಅವರ ವಾದ. ಅಮೀರ್‌ಪೇಟೆಗೆ ಸುದ್ದಿ ಮುಟ್ಟಿಲ್ಲ. ಮುಟ್ಟಿದರೆ ಎರಡು ವಾರದ ಸಿಲಬಸ್ ಕಡಿಮೆಯಾಗುತ್ತದೆ, ಫೀಸೂ ಕಡಿಮೆ ಮಾಡಬೇಕಾಗುತ್ತದೆ.

ಉದಾಹರಣೆಗೆ ಬರವಿತ್ತೇ? ದೌಲತಾಬಾದನ್ನೇ ಬೋರ್ಡಿನ ಮೇಲೆ ಬರೆಯಬಹುದಿತ್ತು. 1956ರ ಅಕ್ಟೋಬರ್ 31ರ ತನಕ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಯವು. ಜಹೀರಾಬಾದಿನ ಬಹುಭಾಗ ಮತ್ತು ನಾರಾಯಣಖೇಡ ಬೀದರಿನವು. ಮರುದಿನ ಕೊಡಂಗಲ್ ಆಂಧ್ರಪ್ರದೇಶದ ಮಹಬೂಬ್‌ನಗರಕ್ಕೆ ಸೇರಿತ್ತು. 1985ರಲ್ಲಿ ಮಂಡಲಗಳು ಬಂದವು, 2014ರಲ್ಲಿ ತೆಲಂಗಾಣ, 2016ರಲ್ಲಿ ವಿಕಾರಾಬಾದ್ ಜಿಲ್ಲೆ. ಊರು ಕೂತಲ್ಲಿಂದ ಒಂದು ಗೇಣೂ ಕದಲಲಿಲ್ಲ. ಓಡುತ್ತಿರುವ ಪ್ರೋಗ್ರಾಮಿನ ನಡುವೆಯೇ ಆಬ್ಜೆಕ್ಟಿನ ಕ್ಲಾಸನ್ನು ಬದಲಿಸಿಬಿಡಲು ಪೈಥಾನ್ ಒಪ್ಪುತ್ತದೆ, ಜಾವಾ ಒಪ್ಪುವುದಿಲ್ಲ. ರಾಜ್ಯ ಪುನರ್ವಿಂಗಡಣೆಯನ್ನು ಪೈಥಾನಿನಲ್ಲೇ ಬರೆದಿರಬೇಕು.

ಇನ್ನು ಮಲ್ಟಿಪಲ್ ಇನ್‌ಹೆರಿಟೆನ್ಸ್. ಜಾವಾದಲ್ಲಿ ಒಂದು ಕ್ಲಾಸಿಗೆ ಒಂದೇ ಹೆತ್ತ ಕ್ಲಾಸು, ಪೈಥಾನಿನಲ್ಲಿ ಎಷ್ಟಾದರೂ ಸರಿ. ಮೇಲೆ ಅಜ್ಜ ಹೈದರಾಬಾದ್ ಸಂಸ್ಥಾನ, ನಡುವೆ ಎಡಕ್ಕೆ ಕರ್ನಾಟಕ, ಬಲಕ್ಕೆ ತೆಲಂಗಾಣ, ಕೆಳಗೆ ಸೇಡಂ ಕಡೆಯ ಅವ್ವ, ಕೊಡಂಗಲ್ ಕಡೆಯ ಅಪ್ಪನಿಗೆ ಹುಟ್ಟಿದ ನಮ್ಮ ಹುಡುಗ. ಪುಸ್ತಕಗಳು ‘ಡೈಮಂಡ್ ಪ್ರಾಬ್ಲಂ’ ಅನ್ನುವುದು ಇದಕ್ಕೇ. ಹಳೆಯ ಪೈಥಾನ್ ಉತ್ತರ ಹುಡುಕುವಾಗ ಎಡಗಡೆಯವರನ್ನು ಕೇಳಿ, ಅಲ್ಲಿ ಸಿಗದಿದ್ದರೆ ನೇರ ಅಜ್ಜನ ಬಳಿ ಓಡುತ್ತಿತ್ತು. ಬಲಗಡೆಯವರ ಸರದಿ ಬರುವಷ್ಟರಲ್ಲಿ ಅಜ್ಜ ಉತ್ತರ ಕೊಟ್ಟಾಗಿರುತ್ತಿತ್ತು. ಹೊಸ ಕ್ಲಾಸುಗಳ ಮಟ್ಟಿಗೆ 2003ರ 2.3ನೇ ಆವೃತ್ತಿ ಈ ಕ್ರಮವನ್ನು ನೇರ್ಪುಮಾಡಿತು: ಮೊದಲು ಹೆತ್ತವರಿಬ್ಬರು, ಆಮೇಲೆ ಅಜ್ಜ, ಅದೂ ಒಂದೇ ಸಲ. ಗಡಿಯ ಕಂದಾಯ ಕಚೇರಿ ಇನ್ನೂ ಹಳೆಯ ಆವೃತ್ತಿಯಲ್ಲೇ ಇದೆ. ಹೊಲದ ತಕರಾರು ಎದ್ದರೆ ಎರಡೂ ರಾಜ್ಯಗಳನ್ನು ದಾಟಿ ಹೋಗಿ 1954–55ರ ಖಾಸ್ರಾ ಪಹಣಿ ತೆಗೆಯುತ್ತಾರೆ. ಅಜ್ಜನೇ ಉತ್ತರ ಕೊಡಬೇಕು.

ಸಂವಿಧಾನದ 371ನೇ ವಿಧಿಯೂ ಒಂದು ಮೂಲ ಕ್ಲಾಸೇ. ಅದರಿಂದ ಇಳಿದ 371 (ಡಿ) ತೆಲಂಗಾಣದ ಸ್ಥಳೀಯರಿಗೆ, 371 (ಜೆ) ಸೇಡಂ, ಕಲಬುರಗಿ, ಬೀದರಿನವರಿಗೆ ಓದು ಮತ್ತು ನೌಕರಿಯಲ್ಲಿ ಮೀಸಲು ಕೊಡುತ್ತದೆ. ಅವ್ವನ ತವರಿನ ಸೋದರಮಾವನ ಮಗನಿಗೆ ‘ಜೆ’ ಸಿಗುತ್ತದೆ. ಅದೇ ಭಾಷೆ ಆಡುವ, ಅದೇ ತೊಗರಿ ಬೆಳೆಯುವ ದೌಲತಾಬಾದಿನ ಹುಡುಗ ತನ್ನ ಊರಿನ ಹೆಸರಲ್ಲಿ ‘ಜೆ’ ಎಂದು ಕರೆದರೆ ಬರುವುದು ಎರರ್ ಮಾತ್ರ. ಹೆತ್ತವರ ಕ್ರಮ ಒಂದಕ್ಕೊಂದು ಹೊಂದದಿದ್ದರೆ ಪೈಥಾನ್ ಅಂಥ ಕ್ಲಾಸನ್ನು ಹುಟ್ಟಲೇ ಬಿಡದೆ ಟೈಪ್‌ಎರರ್ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಸರ್ಕಾರಗಳು ಮೊದಲು ಹುಟ್ಟಿಸಿ, ಎರರನ್ನು ಹುಡುಗನ ಕೈಗೆ ಕೊಟ್ಟವು.

ಒಂದು ಮಾತು ಬಾಕಿ ಇದೆ. 2008ರ ಪೈಥಾನ್ 3ರಿಂದ ಕ್ಲಾಸಿನ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ‘ತೊಗರಿ’, ‘ಅಡತಿ’, ‘ಚೀಲ’ ಎಲ್ಲ ನಡೆಯುತ್ತವೆ. ಅರ್ಧಾಕ್ಷರ ಬಿಡಿಸಲು ನಮ್ಮ ಕೀಲಿಮಣೆ ನಡುವೆ ತೂರಿಸುವ ಕಣ್ಣಿಗೆ ಕಾಣದ ಅಕ್ಷರ ಬಂದರೆ ಮಾತ್ರ ಮುನಿಯುತ್ತದೆ. ಇದನ್ನು ಯಾವ ಬ್ಯಾಚಿನಲ್ಲೂ ಹೇಳಿಕೊಡುವುದಿಲ್ಲ. ಇಂಟರ್‌ವ್ಯೂನಲ್ಲಿ ಕೇಳುವುದಿಲ್ಲವಲ್ಲ.

ಆದ್ದರಿಂದ ಮಗನನ್ನೋ ಮಗಳನ್ನೋ ಅಮೀರ್‌ಪೇಟೆಗೆ ಕಳಿಸುವ ಗಡಿಯ ತಂದೆತಾಯಿಗಳಲ್ಲಿ ಒಂದು ಅರಿಕೆ. ಮೊದಲು ಬರೀ ಫಂಕ್ಷನ್ನುಗಳಲ್ಲಿ ತೊಗರಿ ಲೆಕ್ಕ ಬರೆಸಿ. ಅದೇ ಹೆಸರು, ಅದೇ ಚೀಲ, ಅದೇ ದರ ಒಂದು ಫಂಕ್ಷನ್ನಿನಿಂದ ಇನ್ನೊಂದಕ್ಕೆ ದಾಟಿಸಿ ದಾಟಿಸಿ ಅವರಿಗೇ ಸಾಕೆನಿಸಿದ ದಿನ ಕ್ಲಾಸ್ ಕಟ್ಟಲಿ. ಡೆಮೊ ಕ್ಲಾಸಿಗೆ ನೀವೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂಡಿ. ಮೇಷ್ಟ್ರು ಬೋರ್ಡಿನ ಮೇಲೆ ‘ಅನಿಮಲ್’ ಎಂದು ಬರೆದ ಕೂಡಲೇ ಕೈ ಎತ್ತಿ, ಇಬ್ಬರು ರೈತರ ಚೀಲ ಬೇರೆ ಬೇರೆ ಇಡುವುದು ಹೇಗೆ ಎಂದು ಕೇಳಿ. ಉತ್ತರ ಬರದಿದ್ದರೆ ಫೀಸು ಕಟ್ಟದೆ ಎದ್ದು ಬನ್ನಿ.