ಐದು ಸೆಕೆಂಡಿನ ಅಧಿಕಾರಿ

ಚನ್ನಗಿರಿಯ ಅಡಕೆಯ ಸೀಮೆಯಿಂದ ಜಗಳೂರಿನ ಮಳೆ ಕಾಣದ ಬಯಲಿನವರೆಗೆ, ಶಾಲೆಗಳ ಗಣಕಕೊಠಡಿಗಳಲ್ಲಿ ವಿದ್ಯುತ್ತು ಬಂದೊಡನೆ ಕರಿಯ ಪರದೆಯ ಮೇಲೆ ಕ್ಷಣಮಾತ್ರ ಪ್ರತ್ಯಕ್ಷನಾಗಿ, ಉಬುಂಟುವೋ ವಿಂಡೋಸೋ ಎಂದು ವಿಚಾರಿಸಿ, ಉತ್ತರ ಬಾರದಿದ್ದರೆ ತಾನೇ ನಿರ್ಧರಿಸಿ ಅಂತರ್ಧಾನನಾಗುವ ಗ್ರಬ್ ಮಹಾಶಯನು ನನಗೆ ಸಾವಕಾಶವಾಗಿ ಸಿಕ್ಕಿದುದು ನ್ಯಾಮತಿಯಲ್ಲಿ, ಒಂದು ಮಧ್ಯಾಹ್ನ.

ಇಂದೇಕೆ ಇಷ್ಟು ಬಿಡುವು?

ಯಾರಾದರೂ ಒಮ್ಮೆ ಬಾಣದ ಕೀಲಿಯನ್ನು ಒತ್ತಿದರೆ ಎಣಿಕೆಯನ್ನು ನಿಲ್ಲಿಸಿ ಅಪ್ಪಣೆಗಾಗಿ ಕಾದಿರುವುದು ನನ್ನ ಧರ್ಮ. ಬೆಳಗ್ಗೆ ಜವಾನನು ಕೀಬೋರ್ಡಿನ ಧೂಳು ಒರೆಸುವಾಗ ಒತ್ತಿದನು. ಅನಂತರ ಬಂದ ಮೇಷ್ಟರು ‘ಹ್ಯಾಂಗ್ ಆಗಿದೆ’ ಎಂದು ತೀರ್ಪಿತ್ತು, ಮಕ್ಕಳನ್ನು ಆಟಕ್ಕೆ ಬಿಟ್ಟು, ತಾವು ಚಹಕ್ಕೆ ತೆರಳಿದರು.

ತಮ್ಮ ಅಧಿಕಾರಾವಧಿ?

1995ರಲ್ಲಿ ಎರಿಕ್ ಬೋಲಿನ್ ಎಂಬವರು ನನ್ನನ್ನು ಸೃಷ್ಟಿಸಿದರು. ನನಗೆ ವಾಡಿಕೆಯಾಗಿ ಸಲ್ಲುವುದು 5 ಸೆಕೆಂಡು. ಪಕ್ಕದಲ್ಲಿ ವಿಂಡೋಸ್ ಇದ್ದರೆ ಉಬುಂಟುವಿನವರು ಕನಿಕರಿಸಿ 10 ಮಾಡಿದ್ದಾರೆ. ಅಷ್ಟರಲ್ಲಿ ಯಾರೂ ಬಾಯಿಬಿಡದಿದ್ದರೆ ಪಟ್ಟಿಯ ಮೊದಲ ಹೆಸರಿಗೇ ಜಯ. ಮೊದಲು ಯಾರ ಹೆಸರನ್ನು ಬರೆಯಬೇಕೆಂಬುದನ್ನು ಯಂತ್ರ ಅಳವಡಿಸಿದವನು ಎಂದೋ ತೀರ್ಮಾನಿಸಿರುತ್ತಾನೆ.

ಮೇಷ್ಟರು ಆರಿಸಬಹುದಲ್ಲವೇ?

ಧಾರಾಳವಾಗಿ! ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಉಬುಂಟುವನ್ನು ಅಕ್ಕರೆಯಿಂದ ಕಲಿತು ಬಂದವರು, ಮರುದಿನ ಕಚೇರಿಗೆ ವರದಿ ಕಳುಹಿಸಲು ಕುಳಿತಾಗ, ಆ ಕಚೇರಿಗೆ ಬೇಕಾದುದು ‘ನುಡಿ’ಯ ಹಳೆಯ ಅಕ್ಷರಗಳೆಂದೂ, ಆ ತಂತ್ರಾಂಶವು ವಿಂಡೋಸಿನ ಮನೆಯ ಮಗಳೆಂದೂ ತಿಳಿದು, ನಿಟ್ಟುಸಿರಿಟ್ಟು ಕೆಳಗಿನ ಸಾಲಿಗಿಳಿಯುತ್ತಾರೆ. ಸರ್ಕಾರವು ಯೂನಿಕೋಡನ್ನು 2012ರಲ್ಲಿಯೇ ಶಿಷ್ಟವೆಂದು ಸಾರಿತು. ಆ ಆಜ್ಞೆಯನ್ನು ಯಾವ ಅಕ್ಷರದಲ್ಲಿ ಬೆರಳಚ್ಚು ಮಾಡಿದರೆಂದು ಮಾತ್ರ ನನ್ನನ್ನು ಕೇಳಬೇಡಿ.

ಗಣಕಗಳನ್ನು ಜಾಲದಿಂದಲೇ ಎಬ್ಬಿಸುವರಂತಲ್ಲ?

ಪಿಎಕ್ಸ್‌ಇ ಎಂಬ ಪದ್ಧತಿ. ಯಂತ್ರವು ಕಣ್ಣು ತೆರೆದೊಡನೆ ತನ್ನ ಡಿಸ್ಕಿನತ್ತ ನೋಡದೆ ತಂತಿಯೊಳಗೆ ಕೂಗಿಕೊಂಡು, ಡಿಎಚ್‌ಸಿಪಿಯಿಂದ ವಿಳಾಸವನ್ನೂ ಬೇಕಾದ ಕಡತದ ಹೆಸರನ್ನೂ ಪಡೆದು, ಟಿಎಫ್‌ಟಿಪಿಯ ಮೂಲಕ ಆ ಕಡತವನ್ನು ತರಿಸಿಕೊಳ್ಳುತ್ತದೆ. ಸರ್ವರಿನಲ್ಲಿ ಒಂದು ಸಾಲು ತಿದ್ದಿದರೆ ಕೊಠಡಿಗೆ ಕೊಠಡಿಯೇ ಮತಾಂತರ. ಅಲ್ಲಿಯೂ ನನ್ನನ್ನು ನಿಲ್ಲಿಸುವುದುಂಟು, ಅಲಂಕಾರಕ್ಕೆ.

ಇದು ಅನ್ಯಾಯವೆನಿಸುವುದಿಲ್ಲವೇ?

ಸ್ವಾಮಿ, 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದುವಷ್ಟೆ. ಆ ರಾತ್ರಿ ಮಲಗಿದ್ದ ರೈತನು ಬೆಳಗ್ಗೆ ಬೇರೆ ಜಿಲ್ಲೆಯಲ್ಲಿ ಎದ್ದನು. ಮುಂದೆ ಹೊನ್ನಾಳಿಯ ಮಗ್ಗುಲಿನಿಂದ ಈ ನ್ಯಾಮತಿಯೇ ಪ್ರತ್ಯೇಕ ತಾಲ್ಲೂಕಾಗಿ ಎದ್ದಿತು. ಆಗ ಬಾಣದ ಕೀಲಿ ಯಾರ ಕೈಯಲ್ಲಿತ್ತು? ನಾನಾದರೋ 5 ಸೆಕೆಂಡಾದರೂ ಕೇಳುತ್ತೇನೆ.

ಮತ್ತೊಮ್ಮೆ ಭೇಟಿಯಾಗಬಹುದೇ?

ಸಂದೇಹ. ನಾಳೆ ಗುತ್ತಿಗೆಯವನು ವಿಂಡೋಸನ್ನು ಹೊಸದಾಗಿ ಹಾಕಲು ಬರುವನಂತೆ. ಇಂಥ ಹಳೆಯ ಯಂತ್ರಗಳಲ್ಲಿ ಅದು ಡಿಸ್ಕಿನ ಮೊದಲ ಸೆಕ್ಟರಿನಲ್ಲಿ, ಎಂದರೆ ನನ್ನ ಜಾಗದಲ್ಲಿ, ಯಾರನ್ನೂ ಕೇಳದೆ ತಾನು ಬರೆದುಕೊಳ್ಳುತ್ತದೆ. ಕೇಳುವುದಿನ್ನೇನಾದರೂ ಇದ್ದರೆ ಇಂದೇ ಕೇಳಿಬಿಡಿ.