ಕೊರಿಯರ್‌ನಲ್ಲಿ ಬಂದ ಪೂರ್ವಜರು

ಅವಳಿ ನಗರದಲ್ಲಿ ಇತಿಹಾಸ ಉಳಿಸುವ ಹೊಣೆ ಕೊನೆಗೂ ಸಮರ್ಥರ ಕೈ ಸೇರಿದೆ. ಇದುವರೆಗೆ ಆ ಕೆಲಸ ತೀರಾ ನಿಧಾನವಾಗಿ ನಡೆದಿತ್ತು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಶುರುವಾಯಿತು. ವಿದ್ವಾಂಸರು ಊರೂರು ತಿರುಗಿ, ಹೊಲದಲ್ಲಿ ಬಿದ್ದ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಶಾಸನದ ಪಡಿಯಚ್ಚು ತೆಗೆದು, ಸವೆದ ಒಂದೇ ಒಂದು ಅಕ್ಷರಕ್ಕಾಗಿ ತಿಂಗಳುಗಟ್ಟಲೆ ವಾದ ಮಾಡಿದರು. ಪುರಾತತ್ವ ಸರ್ವೇಕ್ಷಣದ ಧಾರವಾಡ ವಲಯದವರೂ ಅಷ್ಟೇ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಬೇಲಿ ಹಾಕಿ, ಫಲಕ ನೆಟ್ಟು ಕಾಯುತ್ತ ಕೂತಿದ್ದಾರೆ. ಅದರಿಂದ ಯಾರ ಪಡಸಾಲೆಗೆ ಏನು ಶೋಭೆ ಬಂತು? ಈಗ ನೋಡಿ. ಗೋಕುಲ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಗೃಹಸ್ಥರು ರಾತ್ರಿ ಊಟ ಮುಗಿಸಿ ದಿವಾನದ ಮೇಲೆ ಅಡ್ಡಾಗುತ್ತಾರೆ, ಹೆಬ್ಬೆರಳಿನಿಂದ ಮೊಬೈಲ್ ತೀಡುತ್ತಾರೆ, ಸಮುದ್ರವೇ ಇಲ್ಲದ ಹುಬ್ಬಳ್ಳಿಗೆ ‘ಲಂಡನ್’ ಎಂದು ಕೆತ್ತಿದ ಹಡಗಿನ ದಿಕ್ಸೂಚಿ ನಾಲ್ಕನೆಯ ದಿನ ಬಂದಿಳಿಯುತ್ತದೆ. ಅಂಥ ಸಲಕರಣೆ ಹೊಸದಾಗಿ ತಯಾರಾಗುವುದು ರೂರ್ಕಿಯ ಕಡೆ ಎಂದು ಕುಹಕಿಗಳು ಹೇಳುತ್ತಾರೆ. ಲಂಡನ್ನಿನವರು ನಮ್ಮಿಂದ ಇಷ್ಟೆಲ್ಲ ಒಯ್ದಿದ್ದಾರೆ, ಅವರ ಹೆಸರನ್ನಾದರೂ ನಾವು ತಂದುಕೊಳ್ಳಬಾರದೆ?

ಈ ಖರೀದಿಯ ಮುಖ್ಯ ಗುಣ ಬೇರೆಯೇ ಇದೆ, ಅದನ್ನು ಯಾರೂ ಸರಿಯಾಗಿ ಹೊಗಳಿಲ್ಲ. ಹೀಗೆ ಬಂದ ವಸ್ತುವಿಗೆ ಬಂಧುಬಳಗ ಇರುವುದಿಲ್ಲ.

ಮುತ್ತಜ್ಜಿಯ ಕಾಲದ ತಾಮ್ರದ ಹಂಡೆ ಮನೆಯಲ್ಲಿದ್ದರೆ ಎಷ್ಟು ಕಿರಿಕಿರಿ ಎಂಬುದು ಅನುಭವಿಸಿದವರಿಗೇ ಗೊತ್ತು. ಅದರಲ್ಲಿ ಅಣ್ಣತಮ್ಮಂದಿರ ಪಾಲಿದೆ. ಕಾಯದೆ ಬದಲಾದ ಮೇಲೆ ಅಕ್ಕತಂಗಿಯರ ಪಾಲೂ ಇದೆ. ಯಾರ ಬಾಣಂತನಕ್ಕೆ ಅದರಲ್ಲಿ ನೀರು ಕಾಯಿತು, ಯಾರ ಬಾಣಂತನಕ್ಕೆ ಕಾಯಲಿಲ್ಲ ಎಂಬ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಪುಣೆಯಲ್ಲಿರುವ ಕಾಕಾ ವರ್ಷಕ್ಕೊಮ್ಮೆ ಬಂದಾಗ ಚಹಾಕ್ಕಿಂತ ಮೊದಲು ಬಚ್ಚಲ ಕಡೆ ಇಣುಕಿ, “ಹಂಡೇವು ಐತಲ್ಲ?” ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಇಂಥ ಸಂಕಟದ ವಸ್ತುವನ್ನು ನಮ್ಮ ಸಂಗ್ರಾಹಕರು ಏನು ಮಾಡಿದರೆಂದರೆ, ಗೀಸರ್ ಬಂದ ವರ್ಷ ಗುಜರಿಯವನ ತಕ್ಕಡಿಗೆ ಹಾಕಿ ಕಿಲೋ ಲೆಕ್ಕದಲ್ಲಿ ಕೈತೊಳೆದುಕೊಂಡರು. ಹಳೆ ಹಿತ್ತಾಳೆ ಕೊಟ್ಟು ಸ್ಟೀಲು ಡಬ್ಬಿ ತಗೊಂಡ ಅವ್ವಂದಿರ ಪರಂಪರೆಯನ್ನು ಅವರು ಮುಂದುವರಿಸಿದರು ಅಷ್ಟೇ. ಈಗ ಅದೇ ಅಳತೆಯ, ಅದೇ ಕಂಠದ ಇನ್ನೊಂದು ಹಂಡೆಯನ್ನು ಹತ್ತಾರು ಪಟ್ಟು ಬೆಲೆಗೆ ತರಿಸಿ, ಒಳಗೆ ಬಲ್ಬು ಇಟ್ಟು, ಟಿವಿ ಪಕ್ಕ ನಿಲ್ಲಿಸಿದ್ದಾರೆ. ಇದರ ಹಿಂದೆ ಯಾವ ಕಾಕಾನೂ ಬರುವುದಿಲ್ಲ. ಇದರ ಬಗ್ಗೆ ಅತ್ತೆಗೊಂದು ನೆನಪು, ಸೊಸೆಗೊಂದು ನೆನಪು ಎಂಬ ತಕರಾರಿಲ್ಲ. ಮೇಲಾಗಿ, ಮನಸ್ಸಿಗೆ ಬಾರದಿದ್ದರೆ ಹತ್ತು ದಿನದೊಳಗೆ ವಾಪಸು ಕಳಿಸಬಹುದು. ಹುಟ್ಟಿನಿಂದ ಬಂದ ಪೂರ್ವಜರಲ್ಲಿ ಈ ಸವಲತ್ತು ಯಾರು ಕೊಟ್ಟಿದ್ದಾರೆ?

ಹಾಗೆಂದು ಹಂಡೆಗೆ ವಂಶವೇ ಇಲ್ಲವೆನ್ನಲಾಗದು. ಅದರ ಭುಜದ ಮೇಲೆ ಉಳಿಯಿಂದ ಚುಕ್ಕೆ ಚುಕ್ಕೆ ಹೊಡೆದು ಹೆಸರು ಬರೆದಿದೆ, ಮದುವೆಯಲ್ಲಿ ಆಯೇರಿ ಕೊಟ್ಟವರು ಬರೆಸುತ್ತಿದ್ದರಲ್ಲ, ಹಾಗೆ. ಲಿಪಿ ಮಾತ್ರ ನಮ್ಮದಲ್ಲ. ಸಂಗ್ರಾಹಕರು ಬಂದವರಿಗೆಲ್ಲ ಅದು ಬಾದಾಮಿ ಚಾಲುಕ್ಯರ ಕಾಲದ ಬರಹವೆಂದು ತೋರಿಸುತ್ತಿದ್ದರು. ಒಮ್ಮೆ ರೈಲ್ವೆಯಲ್ಲಿ ಕೆಲಸಕ್ಕಿರುವ ಮದುರೈ ಕಡೆಯ ಪಕ್ಕದ ಮನೆಯ ಸೊಸೆ ಬಂದು, ತಲೆ ಓರೆ ಮಾಡಿ, ಸರಾಗವಾಗಿ ಓದಿಬಿಟ್ಟಳು: ಯಾರೋ ಒಬ್ಬ ತಮಿಳು ಅಜ್ಜಿಯ ಹೆಸರು, ಮುಂದೆ ಇನಿಶಿಯಲ್ಲು, ಕೆಳಗೆ ಊರು. ಒಂದು ಕ್ಷಣ ಕೋಣೆಯಲ್ಲಿ ಕಾಣದ ನೆಂಟರೊಬ್ಬರು ಬಂದು ಕೂತಂತಾಯಿತು. ಸಂಗ್ರಾಹಕರು ಧೈರ್ಯಗೆಡಲಿಲ್ಲ. ಮರುದಿನವೇ ಬಫಿಂಗ್ ಮಾಡಿಸಿ ಹೆಸರು ತೆಗೆಸಿದರು. ಈಗ ಹಂಡೆ ಮತ್ತೆ ಚಾಲುಕ್ಯರದು.

ಸಂಗೀತದ ಊರಾದ್ದರಿಂದ ಮನೆಗೊಂದು ಗ್ರಾಮೊಫೋನ್ ಇರಲೇಬೇಕು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಅಂಥ ದನಿಗೆ ಹಳೆಯ ಕಾಲದ ಯಂತ್ರ ಎಲ್ಲಿ ಸಾಲುತ್ತದೆ! ಈಗ ತಯಾರಾಗುವ ಹಳೆಯ ಗ್ರಾಮೊಫೋನಿನ ಲಕ್ಷಣವೇ ಬೇರೆ. ಎಂಟು ಮೂಲೆಯ ಹೊಸ ಮರದ ಪೆಟ್ಟಿಗೆ, ಕಣ್ಣು ಕುಕ್ಕುವ ಹಿತ್ತಾಳೆಯ ಕಹಳೆ, ಯಾವುದೋ ಕೈಪೆಟ್ಟಿಗೆ ಮಾದರಿಯ ಯಂತ್ರದಿಂದ ಕಿತ್ತು ಕೂಡಿಸಿದ ಮೋಟಾರು, ಮೇಲೊಂದು ನಾಯಿಯ ಚಿತ್ರದ ಬಿಲ್ಲೆ. ಹೊರದೇಶದ ಗ್ರಾಮೊಫೋನ್ ಪ್ರೇಮಿಗಳು ಈ ಭಾರತೀಯ ತಯಾರಿಕೆಗೆ ‘ಕ್ರ್ಯಾಪೊಫೋನ್’ ಎಂದು ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಕುಶಲಕಲೆಗೆ ಜಗತ್ತಿನಲ್ಲಿ ಇಷ್ಟು ಬೇಗ ಹೆಸರು ಬಂದದ್ದು ಅಪರೂಪ. ಉಕ್ಕಿನ ಸೂಜಿಯನ್ನು ತಟ್ಟೆಯ ಒಂದೊಂದು ಮಗ್ಗುಲಿಗೂ ಬದಲಿಸಬೇಕೆಂಬುದು ಹಳೆಯವರ ದುಂದುಗಾರಿಕೆ. ನಮ್ಮವರು ಒಂದೇ ಸೂಜಿಯಲ್ಲಿ ಇಡೀ ಘರಾಣೆ ಮುಗಿಸುತ್ತಾರೆ. ತಟ್ಟೆ ಒರೆಸಲು ಕೊರೊನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಇದ್ದೇ ಇದೆ. ಆ ಕಾಲದ ತಟ್ಟೆಗಳನ್ನು ಅರಗು ಬೆರೆಸಿ ಮಾಡುತ್ತಿದ್ದರು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಒರೆಸಿದ ಭಾಗದಲ್ಲಿ ಆಲಾಪವೂ ಇಲ್ಲ, ತಾನವೂ ಇಲ್ಲ. ನಡುವೆ ಬರುತ್ತಿದ್ದ ಕರಕರ ಸದ್ದು ಪೂರ್ತಿ ಹೋಗಿರುವುದನ್ನು ಮಾತ್ರ ಯಾರೂ ಅಲ್ಲಗಳೆಯುವಂತಿಲ್ಲ.

ಕಾನೂನಿನ ಮಾತು ಬೇಗ ಮುಗಿಸೋಣ. 1972ರ ಪ್ರಾಚ್ಯವಸ್ತು ಕಾಯದೆ 1976ರಿಂದ ಜಾರಿಯಲ್ಲಿದೆ. 100 ವರ್ಷ ದಾಟಿದ ಮೂರ್ತಿ, ಚಿತ್ರ ಮುಂತಾದವು, ಮಹತ್ವದ ಹಸ್ತಪ್ರತಿಯಾದರೆ 75 ವರ್ಷ ದಾಟಿದ್ದು, ಅದರ ವ್ಯಾಪ್ತಿಗೆ ಬರುತ್ತವೆ. ಮಾರುವವನಿಗೆ ಲೈಸನ್ಸು ಬೇಕು. ಕಲ್ಲು, ಲೋಹ, ಮರದ ಮೂರ್ತಿಯಂಥವನ್ನು ಇಟ್ಟುಕೊಂಡವನು ಫೋಟೊ ಸಮೇತ ನೋಂದಣಿ ಮಾಡಿಸಬೇಕು. ಹೊರದೇಶಕ್ಕೆ ಕಳಿಸುವಂತಿಲ್ಲ. ಇಷ್ಟೆಲ್ಲ ತಾಪತ್ರಯದಿಂದ ಗಿರಾಕಿಯನ್ನು ಪಾರು ಮಾಡಲು ವ್ಯಾಪಾರಿಗಳು ಸುಂದರ ಉಪಾಯ ಹುಡುಕಿದ್ದಾರೆ. ಜಾಹೀರಾತಿನಲ್ಲಿ ‘ಚೋಳರ ಕಾಲದ ನಟರಾಜ, ಅಪ್ಪಟ’ ಎಂದಿರುತ್ತದೆ; ಬಿಲ್ಲಿನಲ್ಲಿ ‘ಅಲಂಕಾರಿಕ ವಸ್ತು, ಹೊಸದು’ ಎಂದಿರುತ್ತದೆ. ನೆಂಟರಿಗೆ ಒಂದು ಕಾಗದ, ಪೊಲೀಸರಿಗೆ ಇನ್ನೊಂದು. ವಸ್ತು ನಿಜವಾಗಿ ಹಳೆಯದಾಗಿದ್ದರೆ ಯಾವ ಗುಡಿಯಿಂದ ಎದ್ದು ಬಂತೋ ಎಂದು ನಿದ್ದೆಗೆಡಬೇಕು. ಉಪ್ಪು-ಸಗಣಿಯಲ್ಲಿ ಹೂತಿಟ್ಟು, ಆ್ಯಸಿಡ್ ಸವರಿ ಹೊರತೆಗೆದ ನಟರಾಜನ ಎದುರು ಸಂಗ್ರಾಹಕರು ನೆಮ್ಮದಿಯಿಂದ ಗೊರಕೆ ಹೊಡೆಯಬಹುದು.

ಇನ್ನು ಕಲಘಟಗಿ ತೊಟ್ಟಿಲು. ಹುಬ್ಬಳ್ಳಿಯಿಂದ ಮೂವತ್ತು ಕಿಲೋಮೀಟರ್ ಆಸುಪಾಸು, ಕಾರವಾರದ ದಾರಿಯಲ್ಲಿ. ಸಾಗವಾನಿ ಕಟ್ಟಿಗೆಗೆ ಅರಗಿನ ಬಣ್ಣ ಕೂಡಿಸಿ, ಬಾಲಕೃಷ್ಣನ ಲೀಲೆ, ರಾಮಾಯಣದ ಪ್ರಸಂಗಗಳನ್ನು ಬರೆದು ತೊಟ್ಟಿಲು ಮಾಡುವ ಮನೆತನದವರು ಅಲ್ಲಿ ಇಂದಿಗೂ ಇದ್ದಾರೆ. ನಟ ಯಶ್ ಅವರ ಮಗಳಿಗಾಗಿ ಅಂಬರೀಶ್ ಹೇಳಿ ಮಾಡಿಸಿದ್ದ ತೊಟ್ಟಿಲು, ಅಂಬರೀಶ್ ತೀರಿಕೊಂಡ ಮೇಲೆ ಆ ಮನೆ ತಲುಪಿತೆಂದು ಪತ್ರಿಕೆಗಳಲ್ಲಿ ಓದಿದ ನೆನಪು ಹಲವರಿಗಿರಬೇಕು. ಆ ಬಣ್ಣ ತಲೆಮಾರುಗಟ್ಟಲೆ ನಿಲ್ಲುತ್ತದೆ. ಆದರೆ ಅಲ್ಲಿಗೆ ಹೋದರೆ ದೊಡ್ಡ ತೊಂದರೆಯೊಂದಿದೆ. ತೊಟ್ಟಿಲು ಮಾಡುವವರು ಎದುರಿಗೇ ಕೂತಿರುತ್ತಾರೆ, ಚಹಾ ಕೊಡುತ್ತಾರೆ, ಯಾರಿಗಾಗಿ ಬೇಕು, ಯಾವಾಗ ಬೇಕು ಎಂದು ಕೇಳುತ್ತಾರೆ, ನಮ್ಮ ಕಣ್ಣಿನ ಮುಂದೆಯೇ ಹೊಸದು ಮಾಡುತ್ತಾರೆ. ಮಾಡಿದವನು ಬದುಕಿರುವಾಗ ಅದನ್ನು ಪುರಾತನವೆಂದು ಹೇಗೆ ಕರೆಯುವುದು? ಆದ್ದರಿಂದ ನಮ್ಮ ಸಂಗ್ರಾಹಕರು ಜೋಧಪುರದಿಂದ ‘ರಾಜಮನೆತನದ ತೊಟ್ಟಿಲು’ ತರಿಸಿ ಅದರಲ್ಲಿ ಮನಿಪ್ಲಾಂಟ್ ಮಲಗಿಸಿದ್ದಾರೆ. ಹೆಂಡತಿಯ ತವರಿನಿಂದ ಬಂದ ಕಲಘಟಗಿ ತೊಟ್ಟಿಲನ್ನು ಥಿನ್ನರ್ ಹಾಕಿ ಸ್ವಚ್ಛ ಮಾಡಿಸಲು ಹೋಗಿ ಕೃಷ್ಣ, ಕಾಳಿಂಗ ಇಬ್ಬರೂ ಒಂದೇ ಅರಿಬಿಗೆ ಹತ್ತಿಕೊಂಡರು.

ಮನೆಯಲ್ಲಿ ಈ ವಸ್ತುಗಳ ಆರೈಕೆ ಎಂಬುದು ಸ್ವತಂತ್ರ ಶಾಸ್ತ್ರ. ಹಿತ್ತಾಳೆ-ಕಂಚಿನ ಮೇಲೆ ಕಾಲಾಂತರದಲ್ಲಿ ಕೂಡುವ ಕಪ್ಪು ಪೊರೆ ಲೋಹವನ್ನು ಕಾಯುತ್ತದೆ, ವಯಸ್ಸನ್ನೂ ಹೇಳುತ್ತದೆ, ಅದನ್ನು ಮುಟ್ಟಬಾರದು ಎಂದು ವಸ್ತುಸಂಗ್ರಹಾಲಯದವರು ಬಡಕೊಳ್ಳುತ್ತಾರೆ. ಭಾಂಡೆ ತಿಕ್ಕುವ ಅಕ್ಕನಿಗೆ ಆ ಶಾಸ್ತ್ರ ಗೊತ್ತಿಲ್ಲ. “ಅಯ್ಯ ಅಕ್ಕಾರ, ದೀಪದ ಕಂಬ ಎಷ್ಟ್ ಕರ್ರಗಾಗೇತ್ರಿ, ಹುಣಸೀಹಣ್ಣ ಹಚ್ಚಿ ತಿಕ್ಕಲೇನ್ರಿ?” ಎಂದಳು, ತಿಕ್ಕಿದಳು. ಸಾಯಂಕಾಲದ ಹೊತ್ತಿಗೆ ಮುನ್ನೂರು ವರ್ಷ ಮೋರಿಗೆ ಹರಿದು, ಮೊನ್ನೆ ತಾನೇ ಅಂಗಡಿಯಿಂದ ಬಂದ ಕಂಬ ನಿಂತಿತ್ತು. ಸಂಗ್ರಾಹಕರು ಆಕೆಯನ್ನು ಬೈಯಲಿಲ್ಲ. ಕಪ್ಪು ಬರಿಸುವ ರಾಸಾಯನಿಕದ ಬಾಟಲಿಯನ್ನು ಆನ್‌ಲೈನಿನಲ್ಲೇ ತರಿಸಿ, ಬಾಲ್ಕನಿಯಲ್ಲಿ ಕೂತು ಒಂದೇ ರವಿವಾರದಲ್ಲಿ ಮುನ್ನೂರು ವರ್ಷವನ್ನೂ ಮರಳಿ ಹಚ್ಚಿದರು. ಅದೇ ಉತ್ಸಾಹದಲ್ಲಿ ಬೀದರಿನ ಬಿದ್ರಿ ಹೂಜಿಗೂ ಹುಣಸೆಯ ಸ್ನಾನವಾಯಿತು. ಬಿದ್ರಿಯ ಲೋಹದಲ್ಲಿ ಹೆಚ್ಚಿನ ಪಾಲು ಸತು. ಅದರ ಆ ಕಡುಗಪ್ಪು ಬರುವುದು ಬೀದರ ಕೋಟೆಯ ಮಣ್ಣಿನಿಂದ. ಒಣ ಬಟ್ಟೆಯಲ್ಲಿ ಎರಡು ಹನಿ ಎಣ್ಣೆ ಹಾಕಿ ಒರೆಸಿದರೆ ಸಾಕಿತ್ತು. ಈಗ ಬೆಳ್ಳಿಯ ಬಳ್ಳಿ ಎಲ್ಲಿ ಮುಗಿಯಿತು, ಹೂಜಿ ಎಲ್ಲಿ ಶುರುವಾಯಿತು ಎಂಬ ಭೇದ ಉಳಿದಿಲ್ಲ.

ಮಳೆಗಾಲದಲ್ಲಿ ಧಾರವಾಡದವರು ಇನ್ನೂ ಎಚ್ಚರ ವಹಿಸುತ್ತಾರೆ. ಸಪ್ತಾಪುರದ ಒಬ್ಬರು ಹಳೆಯ ಕಪಾಟಕ್ಕೆ ತಂಪು ತಾಗಬಾರದೆಂದು ಜೂನ್‌ನಲ್ಲೇ ಪ್ಲಾಸ್ಟಿಕ್ ಹಾಳೆ ಬಿಗಿದು ಟೇಪು ಸುತ್ತಿದರು. ಗಣೇಶ ಚೌತಿಗೆ ಬಿಚ್ಚಿದಾಗ ಒಳಗಿನ ಪಸೆಯೆಲ್ಲ ಒಳಗೇ ಉಳಿದು, ಕಪಾಟದ ಮೈಮೇಲೆ ಹಸಿರು-ಬಿಳಿ ಬೂಷ್ಟಿನ ಮಖಮಲ್ಲು ಹಬ್ಬಿತ್ತು. ಆ ಕಪಾಟಿನ ಕಾಲ ಬುಡದಲ್ಲಿ ದಿನಾ ಮುಂಜಾನೆ ಚಿಟಿಕೆಯಷ್ಟು ನುಣ್ಣನೆಯ ಪುಡಿ ಬೀಳುತ್ತದೆ. ಎಳೆ ಮಾವಿನ ಕಟ್ಟಿಗೆಯೊಳಗೆ ಕೊರೆಯುವ ಹುಳದ ಕೆಲಸ ಅದು. ಮನೆಯವರು ಮಾತ್ರ ಪುಡಿಯನ್ನು ಕಾಗದದಲ್ಲಿ ಕಟ್ಟಿ ಬಂದವರಿಗೆ ತೋರಿಸುತ್ತಾರೆ: ಇಷ್ಟು ಹಳೆಯದಾಗದಿದ್ದರೆ ಹಿಟ್ಟು ಉದುರುತ್ತಿತ್ತೇ? ಹುಳಗಳೂ ರಸಜ್ಞ. ಪಕ್ಕದಲ್ಲಿದ್ದ ಅಜ್ಜನ ಸಾಗವಾನಿ ಮೇಜನ್ನು ಮುಟ್ಟದೆ, ಕಳೆದ ವರ್ಷ ಮಾಡಿಸಿದ ಪ್ಲೈವುಡ್ಡಿನ ಟಿವಿ ಸ್ಟ್ಯಾಂಡಿಗೆ ದಾಟಿವೆ.

ಕೊಳ್ಳುವುದರ ಜೊತೆ ಮಾರುವವರೂ ನಮ್ಮಲ್ಲಿದ್ದಾರೆ. ಟ್ರ್ಯಾಕ್ಟರ್ ಚಿತ್ರದ ಐದರ ನೋಟು, ವೈಷ್ಣೋದೇವಿಯ ನಾಣ್ಯ ಇದ್ದರೆ ಲಕ್ಷಗಟ್ಟಲೆ ಕೊಡುತ್ತೇವೆಂಬ ಕರೆ ಬಂದೊಡನೆ ಆಯಿಯ ಟ್ರಂಕು ಕೆಳಗಿಳಿಯುತ್ತದೆ. ಮೊದಲು ‘ತೆರಿಗೆ’, ಆಮೇಲೆ ‘ಕಮಿಷನ್’ ಕಟ್ಟಬೇಕು, ಅದೂ ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ. ತಾನು ಇಂಥ ಯಾವ ವ್ಯವಹಾರದಲ್ಲೂ ಇಲ್ಲವೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿತು. ಸಂಕೋಚದ ಸಂಸ್ಥೆ, ಒಳ್ಳೆಯ ಕೆಲಸ ಮಾಡಿದರೂ ಒಪ್ಪಿಕೊಳ್ಳುವುದಿಲ್ಲ.

ಹೋದ ತಿಂಗಳು ಗೋಕುಲ ರಸ್ತೆಯ ಮನೆಗೆ ರೈಲ್ವೆ ಕಂದೀಲು ಬಂತು. ಹುಬ್ಬಳ್ಳಿಯ ಹೆಮ್ಮೆಗೆ ಅದಕ್ಕಿಂತ ತಕ್ಕ ವಸ್ತು ಉಂಟೆ? ಮೈಮೇಲೆ ದಪ್ಪಕ್ಷರದಲ್ಲಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆಯ ಹೆಸರು, ಕೆಳಗೆ 1885. ವರ್ಕ್‌ಶಾಪಿನಿಂದ ರಿಟೈರಾದ ಕೆಳಗಿನ ಮನೆಯ ಹಿರಿಯರನ್ನು ಕರೆಸಿ ತೋರಿಸಿದರು. ಅವರು ಚಷ್ಮಾ ಏರಿಸಿ, ಕಂದೀಲನ್ನು ಎರಡು ಸುತ್ತು ತಿರುಗಿಸಿ ನೋಡಿದರು.

“ತಮ್ಮಾ, ಎರಡು ಕಂಪನಿ ಕೂಡಿ ಈ ಹೆಸರು ಬಂದದ್ದ 1908ರಾಗ. ಇಪ್ಪತ್ಮೂರು ವರ್ಷ ಮೊದಲ ಹೆಂಗ ಹೊಡದ್ರೋ?”

“ಅದಕ್ಕಽ ರೇಟ್ ಜಾಸ್ತಿ ರೀ ಕಾಕಾ. ಇದರ ಜೋಡಿದು ಇನ್ನೊಂದಽ ಪೀಸ್ ಉಳದಿತ್ತು, ರಾತ್ರೀನಽ ಆರ್ಡರ್ ಹಾಕೇನಿ.”